ಹಳೆಯ ಪಿಕಪ್, ಹಿಂದೆ ಟ್ರೈಲರ್, ಎದುರಿಗೆ ಘಾಟಿ: ಸಸ್ಪೆನ್ಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಸುಲಿಯುವ ಯಂತ್ರ, ಸಾವಿರ ಲೀಟರಿನ ನೀರಿನ ಟ್ಯಾಂಕ್, ಕಾಂಕ್ರೀಟ್ ಮಿಕ್ಸರ್, ಜನರೇಟರ್, ಸೋಗೆ ಕತ್ತರಿಸುವ ಯಂತ್ರ. ಮಲೆನಾಡಿನಲ್ಲಿ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯದ ವಸ್ತುವೇ ಇಲ್ಲ. ಎಳೆಯುವ ಗಾಡಿಗೆ ಮಾತ್ರ ಹದಿನೈದು, ಇಪ್ಪತ್ತು ವರ್ಷ ವಯಸ್ಸಾಗಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನಮ್ಮ ವರ್ಕ್‌ಶಾಪಿಗೆ ಬಂದವರು, ಫೋನ್ ಮಾಡಿದವರು, ಅಡಿಕೆ ಮಂಡಿಯ ಎದುರು ನಿಲ್ಲಿಸಿ ಕೇಳಿದವರು ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕಾಗುವಂತೆ ಉತ್ತರ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಗಾಡಿಗೆ ಎರಡು ಪ್ಲೇಟ್ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಜಾಸ್ತಿ ಹಾಕಿಸಿದರೆ ಹೆಚ್ಚು ಭಾರ ಎಳೆಯಬಹುದಲ್ಲವೇ?

ಇಲ್ಲ. ದಿನಕ್ಕೊಬ್ಬರಾದರೂ ಕೇಳುವ ಪ್ರಶ್ನೆ ಇದು, ಇದಕ್ಕೆ ನನ್ನ ಉತ್ತರ ಎಂದೂ ಬದಲಾಗಿಲ್ಲ. ಗಾಡಿ ಎಷ್ಟು ಭಾರ ತಾಳಬಲ್ಲದು ಎನ್ನುವುದನ್ನು ತೀರ್ಮಾನಿಸುವುದು ಪ್ಲೇಟ್ ಒಂದೇ ಅಲ್ಲ. ಹಿಂದಿನ ಆಕ್ಸಲ್, ಹಬ್ಬಿನ ಬೇರಿಂಗ್, ಟೈರ್, ಬ್ರೇಕ್, ಚಾಸಿ, ಗೇರ್‌ಬಾಕ್ಸ್, ಕ್ಲಚ್ ಎಲ್ಲವೂ ಸೇರಿ ತೀರ್ಮಾನಿಸುತ್ತವೆ. ಇವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಎಷ್ಟು ತಾಳುತ್ತದೋ ಗಾಡಿಯೂ ಅಷ್ಟೇ ತಾಳುವುದು. ಪ್ಲೇಟ್ ಸೇರಿಸಿದಾಗ ಗಾಡಿ ಕುಸಿಯುವುದಿಲ್ಲ ಅಷ್ಟೇ. ಕುಸಿಯದೆ ನಿಂತದ್ದನ್ನು ನೋಡಿ ಇನ್ನೂ ನಾಲ್ಕು ಮೂಟೆ ಹೇರುತ್ತೇವೆ, ಆ ಭಾರವನ್ನು ಬ್ರೇಕು ಮತ್ತು ಬೇರಿಂಗು ಹೊರಬೇಕಾಗುತ್ತದೆ. ಎತ್ತರವಾಗಿ ನಿಲ್ಲುವುದು ಬೇರೆ, ಭಾರ ತಾಳುವುದು ಬೇರೆ.

ಹಾಗಾದರೆ ಸಸ್ಪೆನ್ಷನ್ ಕೆಲಸ ಏಕೆ ಮಾಡಿಸಬೇಕು? ಆರ್‌ಸಿಯಲ್ಲಿ ಬರೆದ ಮಿತಿಯ ಒಳಗಿನ ಭಾರವನ್ನೇ ಎಳೆಯುವಾಗಲೂ ನಾಲ್ಕು ಚಕ್ರಗಳೂ ನೆಲವನ್ನು ಸರಿಯಾಗಿ ಒತ್ತಿ ಹಿಡಿದಿರಬೇಕು. ಹಳೆಯ ಗಾಡಿಯಲ್ಲಿ ಅದು ತಪ್ಪಿರುತ್ತದೆ. ತಪ್ಪಿದ್ದನ್ನು ಸರಿಪಡಿಸುವುದೇ ನಮ್ಮ ಕೆಲಸ.

ಟ್ರೈಲರ್ ಕಟ್ಟಿದಾಗ ಹಿಂಭಾಗ ನಾಲ್ಕು ಬೆರಳು ಕೂರುತ್ತದೆ. ಅದರಿಂದ ನಿಜಕ್ಕೂ ಏನು ಅಪಾಯ?

ಕಣ್ಣಿಗೆ ಕಾಣುವುದು ಹಿಂಭಾಗ ಕೂತಿರುವುದು. ಅಪಾಯ ಇರುವುದು ಮುಂಭಾಗದಲ್ಲಿ. ಟ್ರೈಲರ್ ಕಟ್ಟುವ ಕೊಂಡಿ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಆದ್ದರಿಂದ ಕೊಂಡಿಯ ಮೇಲೆ ಬಿದ್ದ ಭಾರ ಹಾರೆ ಮೀಟಿದಂತೆ ಮುಂಭಾಗವನ್ನು ಮೇಲೆತ್ತುತ್ತದೆ. ಲೆಕ್ಕ ಹಾಕಿ ನೋಡಿ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಇದೆ, ಕೊಂಡಿ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ ಎಂದುಕೊಳ್ಳೋಣ. ಕೊಂಡಿಯ ಮೇಲೆ 100 ಕಿಲೋ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 140 ಕಿಲೋ. ಹೆಚ್ಚಾದ ಆ 40 ಕಿಲೋ ಮುಂದಿನ ಚಕ್ರಗಳಿಂದ ಕಳೆದುಹೋಗಿರುತ್ತದೆ. 200 ಕಿಲೋ ಇಟ್ಟರೆ ಮುಂಭಾಗ 80 ಕಿಲೋ ಹಗುರವಾಗುತ್ತದೆ.

ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರ. ಬ್ರೇಕ್ ಹಾಕಿದಾಗ ಹೆಚ್ಚಿನ ಪಾಲು ಹಿಡಿಯುವುದೂ ಅದೇ. ಅದು ಹಗುರವಾದರೆ ಸ್ಟೀರಿಂಗ್ ನೀರಿನಲ್ಲಿ ತಿರುಗಿಸಿದಂತೆ ಸಡಿಲವೆನಿಸುತ್ತದೆ, ಒದ್ದೆ ರಸ್ತೆಯಲ್ಲಿ ತಿರುವಿನ ಹೊರಗಡೆಗೆ ಗಾಡಿ ಸರಿಯುತ್ತದೆ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಬಡಿಯುತ್ತದೆ, ನಿಮಗೆ ರಸ್ತೆ ಕಾಣುವುದಿಲ್ಲ.

ಪ್ಲೇಟ್ ಹೋಗಿದೆಯೋ ಶಾಕ್ (ಕುಣಿತ ಅಡಗಿಸುವ ಶಾಕ್ ಅಬ್ಸಾರ್ಬರ್) ಹೋಗಿದೆಯೋ, ಮನೆಯ ಅಂಗಳದಲ್ಲೇ ನೋಡಲು ಬರುತ್ತದೆಯೇ?

ಬರುತ್ತದೆ. ಸಮತಟ್ಟು ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಟೇಪು ಹಿಡಿದು ಚಕ್ರದ ನಡುವಿನಿಂದ ನೇರ ಮೇಲೆ ಬಾಡಿಯ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಎಡಕ್ಕೂ ಬಲಕ್ಕೂ ಎರಡು ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಒಂದು ಕಡೆಯ ಪ್ಲೇಟ್ ಸೋತಿದೆ ಅಥವಾ ಮುರಿದಿದೆ. ಖಾಲಿ ಇದ್ದಾಗಲೇ ಪ್ಲೇಟ್‌ಗಳು ನೇರ ಗೆರೆಯಂತೆ ಮಲಗಿದ್ದರೆ ಅದರ ಕಮಾನು ಹೋಗಿದೆ.

ಗಾಡಿಯ ಮೂಲೆ ಒತ್ತಿ ಬಿಟ್ಟು, ಎಷ್ಟು ಸಲ ಕುಣಿಯುತ್ತದೆಂದು ನೋಡುವ ವಿಧಾನ ಕಾರಿಗೆ ಸರಿ. ಖಾಲಿ ಪಿಕಪ್ಪಿನ ಹಿಂದಿನ ಪ್ಲೇಟ್ ಕೈಯಿಂದ ಒತ್ತಿದರೆ ಅಲ್ಲಾಡುವುದೇ ಇಲ್ಲ, ಆದ್ದರಿಂದ ಅದನ್ನು ನಂಬಬೇಡಿ. ಹಾಳು ರಸ್ತೆಯಲ್ಲಿ ಆರೇಳು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಶಾಕ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಕೆಲಸ ಮಾಡುವ ಶಾಕ್ ಬೆಚ್ಚಗಾಗಿರುತ್ತದೆ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಆ ಒಂದು ಸತ್ತಿದೆ. ಮೈಮೇಲೆ ಎಣ್ಣೆ ಒಸರಿ ಧೂಳು ಕೆಸರಿನಂತೆ ಅಂಟಿದ್ದರೂ, ಟೈರಿನ ಮೇಲೆ ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೂ ಅದೇ ಅರ್ಥ.

ಎಷ್ಟು ತೂಕ ಎಳೆಯುತ್ತಿದ್ದೇನೆಂದು ಅಂದಾಜಿದೆ. ವೇ ಬ್ರಿಡ್ಜ್‌ಗೆ ಹೋಗಲೇಬೇಕೇ?

ಹೋಗಿ. ಅಂದಾಜು ಯಾವಾಗಲೂ ಕಡಿಮೆ ಬದಿಗೇ ತಪ್ಪುತ್ತದೆ. ಸಾವಿರ ಲೀಟರ್ ಟ್ಯಾಂಕಿನಲ್ಲಿ ನೀರೇ ಒಂದು ಟನ್, ಅದರ ಮೇಲೆ ಟ್ಯಾಂಕು, ಟ್ರೈಲರಿನ ಕಬ್ಬಿಣ, ಚಕ್ರ, ಪಂಪು. ಹಸಿ ಅಡಿಕೆಯ ತೂಕವಂತೂ ಒಣಗಿದ ಮೇಲೆ ಉಳಿಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲು ಟ್ರೈಲರ್ ಬಿಚ್ಚಿ, ಎಂದಿನ ಸಾಮಾನು ಮತ್ತು ಚಾಲಕನ ಸಮೇತ ಪಿಕಪ್ ತೂಗಿಸಿ. ಆಮೇಲೆ ಟ್ರೈಲರ್ ಕಟ್ಟಿ, ಪಿಕಪ್ಪಿನ ಚಕ್ರ ಮಾತ್ರ ತಟ್ಟೆಯ ಮೇಲಿರುವಂತೆ, ಟ್ರೈಲರಿನ ಚಕ್ರ ಹೊರಗಿರುವಂತೆ ನಿಲ್ಲಿಸಿ ತೂಗಿಸಿ. ಎರಡರ ವ್ಯತ್ಯಾಸವೇ ಕೊಂಡಿಯ ಮೇಲೆ ಬೀಳುವ ಭಾರ. ಟ್ರೈಲರಿನ ಚಕ್ರಗಳನ್ನಷ್ಟೇ ತಟ್ಟೆಗೆ ತಂದು ಇನ್ನೊಮ್ಮೆ ತೂಗಿಸಿ, ಅದಕ್ಕೆ ಕೊಂಡಿಯ ಭಾರ ಕೂಡಿಸಿದರೆ ಟ್ರೈಲರಿನ ಪೂರ್ತಿ ತೂಕ ಸಿಕ್ಕಿತು. ಸಾಧ್ಯವಾದರೆ ಪಿಕಪ್ಪಿನ ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲಿಟ್ಟು, ಟ್ರೈಲರ್ ಇಲ್ಲದೆ ಒಮ್ಮೆ, ಇದ್ದು ಒಮ್ಮೆ ತೂಗಿಸಿ. ಮುಂಭಾಗ ಎಷ್ಟು ಹಗುರವಾಗುತ್ತಿದೆ ಎನ್ನುವುದು ಚೀಟಿಯಲ್ಲೇ ಬರುತ್ತದೆ. ಆ ಚೀಟಿಯನ್ನು ತಂದರೆ ನನ್ನ ಅರ್ಧ ಕೆಲಸ ಮುಗಿದಂತೆ.

ಕೈಯಲ್ಲಿರುವುದು ಸ್ವಲ್ಪವೇ ದುಡ್ಡು. ಮೊದಲು ಯಾವುದಕ್ಕೆ ಹಾಕಲಿ?

ಟೈರು ಮತ್ತು ಬ್ರೇಕಿಗೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳವಿರಲಿ, ಪಕ್ಕದ ರಬ್ಬರ್ ಬಿರುಕು ಬಿಟ್ಟಿದ್ದರೆ ಟ್ರೈಲರ್ ಎಳೆಯಲು ಅದು ಬೇಡ. ಭಾರದ ಸೂಚ್ಯಂಕವನ್ನೂ ನೋಡಿ: 100 ಎಂದರೆ ಒಂದು ಟೈರಿಗೆ 800 ಕಿಲೋ, 106 ಎಂದರೆ 950, 112 ಎಂದರೆ 1,120. ಅದಾದ ಮೇಲೆ ಬುಷ್ (ಪ್ಲೇಟಿನ ತುದಿಯ ಕಣ್ಣಿನೊಳಗೆ ಕೂರುವ ರಬ್ಬರ್ ಸುತ್ತು), ಯು ಬೋಲ್ಟ್ (ಪ್ಲೇಟ್‌ಗಳನ್ನು ಆಕ್ಸಲ್‌ಗೆ ಬಿಗಿಯುವ ಬೋಲ್ಟ್). ನಂತರ ಶಾಕ್. ಪ್ಲೇಟ್ ಸೇರಿಸುವುದೋ ಬಿಡುವುದೋ ಎನ್ನುವ ಮಾತು ಇಷ್ಟೆಲ್ಲ ಮುಗಿದ ಮೇಲೆ. ಎಷ್ಟೋ ಗಾಡಿಗಳು ಬುಷ್ ಮತ್ತು ಶಾಕ್ ಬದಲಿಸಿದ್ದಕ್ಕೇ ಸರಿಹೋಗಿ, ಪ್ಲೇಟಿನ ಖರ್ಚು ಉಳಿದಿದೆ.

## ಪ್ಲೇಟ್, ಬುಷ್, ಶಾಕ್

ಹಳೆಯ ಪ್ಲೇಟ್‌ಗಳನ್ನೇ ಬಡಿಸಿ ಕಮಾನು ಎತ್ತಿಸಿದರೆ ಸಾಲದೇ?

ಯಾರು, ಹೇಗೆ ಬಡಿಯುತ್ತಾರೆ ಎನ್ನುವುದರ ಮೇಲಿದೆ. ಪ್ಲೇಟ್ ಮಾಮೂಲಿ ಕಬ್ಬಿಣವಲ್ಲ, ಸಿಲಿಕಾನ್, ಮ್ಯಾಂಗನೀಸ್ ಬೆರೆಸಿದ ಸ್ಪ್ರಿಂಗ್ ಉಕ್ಕು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದಾಗ ಅದಕ್ಕೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಬಂದಿರುತ್ತದೆ. ಆ ಹದಕ್ಕೆ ಟೆಂಪರ್ ಎನ್ನುತ್ತಾರೆ. ತಣ್ಣಗೇ ಬಡಿದು ಕಮಾನು ಎತ್ತಿದರೆ ಗಾಡಿ ಎತ್ತರವೇನೋ ನಿಲ್ಲುತ್ತದೆ, ಆದರೆ ಕೆಲವು ತಿಂಗಳ ಭಾರದಲ್ಲಿ ಮತ್ತೆ ಕೂರುತ್ತದೆ. ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸಿ ಬಗ್ಗಿಸಿದರಂತೂ ಕಾಯಿಸಿದ ಜಾಗದಲ್ಲಿ ಟೆಂಪರ್ ಸಂಪೂರ್ಣ ಹೋಗುತ್ತದೆ. ಅಲ್ಲಿಂದಲೇ ಅದು ಬಾಗುತ್ತದೆ ಅಥವಾ ಮುರಿಯುತ್ತದೆ.

ಕುಲುಮೆಯಲ್ಲಿ ಇಡೀ ಪ್ಲೇಟನ್ನು ಕಾಯಿಸಿ, ಮತ್ತೆ ಟೆಂಪರ್ ಹಿಡಿಸಿ ಕೊಡುವವರ ಬಳಿ ಮಾಡಿಸಿದರೆ ಒಪ್ಪುತ್ತೇನೆ. ಆದರೆ ಹದಿನೈದು ಮಳೆಗಾಲ ಕಂಡ ಪ್ಲೇಟಿನಲ್ಲಿ ತುಕ್ಕು ತಿಂದ ಗುಳಿಗಳಿರುತ್ತವೆ, ಪ್ರತಿ ಗುಳಿಯೂ ನಾಳೆಯ ಬಿರುಕಿನ ಬೀಜ. ಟ್ರೈಲರ್ ಎಳೆಯುವ ಗಾಡಿಗಾದರೆ ಹೊಸ ಸೆಟ್ ಹಾಕಿಸಿ ಎಂದೇ ಹೇಳುತ್ತೇನೆ.

ಒಂದು ಪ್ಲೇಟ್ ಮುರಿದಿದೆ. ಅದೊಂದನ್ನೇ ಬದಲಿಸಬಹುದೇ? ವೆಲ್ಡಿಂಗ್ ಆಗುತ್ತದೆಯೇ?

ವೆಲ್ಡಿಂಗ್ ಬೇಡವೇ ಬೇಡ. ಬೆಸುಗೆಯ ಪಕ್ಕದಲ್ಲಿ ಉಕ್ಕು ಗಾಜಿನಂತೆ ಪೆಡಸಾಗುತ್ತದೆ, ಮುಂದಿನ ದೊಡ್ಡ ಗುಂಡಿಯಲ್ಲಿ ಅಲ್ಲೇ ಮುರಿಯುತ್ತದೆ. ಮುರಿದದ್ದು ಚಾಸಿಗೆ ಸೇರುವ ಉದ್ದದ ಮೇನ್ ಪ್ಲೇಟ್ ಆಗಿದ್ದರೆ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿದು ಗಾಡಿ ಏಡಿಯಂತೆ ಅಡ್ಡ ಓಡುತ್ತದೆ.

ಮುರಿದ ತುಂಡನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ಅದರ ಬಾಯಿಯನ್ನು ನೋಡಿ. ಕಳೆದ ಮಳೆಗಾಲದಲ್ಲಿ ಬಂದ ಗಾಡಿಯೊಂದರ ಮುರಿದ ಪ್ಲೇಟಿನ ಬಾಯಿ ಮುಕ್ಕಾಲು ಭಾಗ ಕಾಫಿ ಪುಡಿಯಂತೆ ಕಂದಾಗಿತ್ತು, ಕಾಲು ಭಾಗ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಂದಾದ ಭಾಗ ತಿಂಗಳುಗಳ ಹಿಂದೆಯೇ ಬಿರುಕು ಬಿಟ್ಟು ನೀರು ಕುಡಿಯುತ್ತಿತ್ತು. ಉಳಿದ ಕಾಲು ಭಾಗದ ಮೇಲೆ ಅಷ್ಟೂ ದಿನ ಆ ಗಾಡಿ ಸುಲಿಯುವ ಯಂತ್ರ ಕಟ್ಟಿಕೊಂಡು ಊರೂರು ತಿರುಗಿತ್ತು. ಇಂಥ ಬಾಯಿ ಕಂಡರೆ ಅದರ ಜೊತೆಗೇ ಹುಟ್ಟಿದ ಬೇರೆ ಪ್ಲೇಟ್‌ಗಳಲ್ಲೂ ಬಿರುಕು ಇರುವ ಸಾಧ್ಯತೆ ಹೆಚ್ಚು. ಎರಡೂ ಕಡೆಯ ಸೆಟ್ ಬಿಚ್ಚಿಸಿ, ತಂತಿಯ ಬ್ರಷ್‌ನಲ್ಲಿ ಉಜ್ಜಿಸಿ ನೋಡಿ. ಬದಲಿಸುವುದಾದರೆ ಎರಡು ಕಡೆಯದನ್ನೂ ಒಟ್ಟಿಗೇ ಬದಲಿಸಿ. ಒಂದು ಕಡೆ ಹೊಸತು, ಒಂದು ಕಡೆ ಹಳತು ಆದರೆ ಎಡಕ್ಕೆ ತಿರುಗುವಾಗ ಒಂದು ಗಾಡಿ, ಬಲಕ್ಕೆ ತಿರುಗುವಾಗ ಇನ್ನೊಂದು ಗಾಡಿ ಓಡಿಸಿದಂತಾಗುತ್ತದೆ.

ಪ್ಲೇಟ್ ಸೇರಿಸಲೇಬೇಕು ಅಂದರೆ ಎಂಥದ್ದು ಸೇರಿಸುವುದು?

ಉದ್ದದ್ದು. ಗಿಡ್ಡ, ದಪ್ಪ ಪ್ಲೇಟ್ ಅಗ್ಗ, ಹಾಕುವುದೂ ಸುಲಭ. ಆದರೆ ಅದರ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ ಮೇಲಿನ ಪ್ಲೇಟ್ ಇದ್ದಕ್ಕಿದ್ದಂತೆ ಬಾಗಬೇಕಾಗುತ್ತದೆ. ನೀಲಗಿರಿ ಗಳುವನ್ನು ಕಲ್ಲಿನ ಅಂಚಿಗೆ ಒತ್ತಿ ಮುರಿದಂತೆ, ಮೇನ್ ಪ್ಲೇಟ್ ಅಲ್ಲೇ ಮುರಿಯುತ್ತದೆ. ಉದ್ದ ಪ್ಲೇಟ್ ಬಾಗನ್ನು ಹಂಚುತ್ತದೆ.

ಇನ್ನೂ ಒಳ್ಳೆಯದು, ಖಾಲಿ ಇದ್ದಾಗ ಕೆಲಸ ಮಾಡದೆ ಭಾರ ಬಿದ್ದಾಗ ಮಾತ್ರ ತಗಲುವ ಹೆಲ್ಪರ್ ಪ್ಲೇಟ್. ನಮ್ಮ ಗಾಡಿಗಳು ಹೋಗುವಾಗ ಭಾರ, ಬರುವಾಗ ಖಾಲಿ. ಸದಾ ಗಟ್ಟಿಯಾಗಿರುವ ಸೆಟ್ ಹಾಕಿದರೆ ಬರುವ ದಾರಿಯಲ್ಲಿ ಹಿಂದಿನ ಚಕ್ರ ಗುಂಡಿಯಿಂದ ಗುಂಡಿಗೆ ಹಾರುತ್ತದೆ. ಗಾಳಿಯಲ್ಲಿರುವ ಚಕ್ರ ಬ್ರೇಕನ್ನೂ ಹಿಡಿಯದು, ರಸ್ತೆಯನ್ನೂ ಹಿಡಿಯದು. ಜೂನ್ ತಿಂಗಳಲ್ಲಿ ಮರಗಳ ನೆರಳಿನ ತಿರುವಿನಲ್ಲಿ ಪಾಚಿ ಕಟ್ಟಿರುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಅಲ್ಲಿ ಜಾರುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಯು ಬೋಲ್ಟ್ ಚೆನ್ನಾಗಿಯೇ ಇದೆ. ಹಳೆಯದನ್ನೇ ಹಾಕಿ ಎಂದರೆ ಏಕೆ ಒಪ್ಪುವುದಿಲ್ಲ?

ಒಮ್ಮೆ ಪೂರ್ತಿ ಬಿಗಿದ ಯು ಬೋಲ್ಟ್ ಎಳೆದು ಹಿಗ್ಗಿರುತ್ತದೆ. ಅದರ ತಿರುಪಿನ ಗೆರೆಗಳು ಹಳೆಯ ಜಾಗಕ್ಕೆ ಹೊಂದಿಕೊಂಡಿರುತ್ತವೆ. ಮತ್ತೆ ಬಿಗಿದಾಗ ಕೈಗೆ ಬಿಗಿ ಎನಿಸುತ್ತದೆ, ಒಳಗೆ ಅಷ್ಟು ಹಿಡಿತವಿರುವುದಿಲ್ಲ. ಯು ಬೋಲ್ಟ್ ಸಡಿಲವಾದರೆ ಪ್ಲೇಟ್‌ಗಳು ನಡುವಿನಲ್ಲೇ ಅಲ್ಲಾಡಿ, ಸೆಂಟರ್ ಬೋಲ್ಟ್ ತುಂಡಾಗಿ, ಆಕ್ಸಲ್ ಜಾಗ ಬಿಡುತ್ತದೆ. ಹೊಸ ಬೋಲ್ಟ್‌ಗೆ ಆಗುವ ಖರ್ಚು ಇದರ ಮುಂದೆ ಏನೇನೂ ಅಲ್ಲ.

ಬಿಗಿಯುವಾಗ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಮೊದಲ ಭಾರದ ಓಟದ ನಂತರ, ಸುಮಾರು 500 ಕಿಲೋಮೀಟರ್ ಒಳಗೆ ಮತ್ತೆ ಬಿಗಿ ನೋಡಿಸಿ. ಪ್ಲೇಟ್‌ಗಳು ಕೂತು ಸ್ವಲ್ಪ ಸಡಿಲವಾಗಿಯೇ ಇರುತ್ತವೆ. ರಬ್ಬರ್ ಬುಷ್ ಇರುವ ಕಣ್ಣಿನ ಬೋಲ್ಟ್‌ಗಳನ್ನು ಜಾಕ್ ಮೇಲೆ ನೇತಾಡಿಸಿಕೊಂಡು ಬಿಗಿಯುವವರಿದ್ದಾರೆ. ಹಾಗೆ ಮಾಡಿದರೆ ಗಾಡಿ ಕೆಳಗಿಳಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ, ಆರು ತಿಂಗಳಿಗೆ ಹರಿಯುತ್ತದೆ. ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆಯೇ ಅಂತಿಮ ಬಿಗಿ.

ದುಬಾರಿ ಗ್ಯಾಸ್ ಶಾಕ್ ಹಾಕಿಸಿದೆ. ಹಿಂಭಾಗ ಕೂರುವುದು ನಿಂತಿಲ್ಲವಲ್ಲ?

ನಿಲ್ಲುವುದಿಲ್ಲ. ಶಾಕ್ ಭಾರ ಹೊರುವುದಿಲ್ಲ, ಪ್ಲೇಟಿನ ಕುಣಿತವನ್ನು ಅಡಗಿಸುತ್ತದೆ ಅಷ್ಟೇ. ನೀವು ಹಾಕಿಸಿದ್ದು ವ್ಯರ್ಥವಲ್ಲ. ಟ್ರೈಲರ್ ಕಟ್ಟಿದಾಗ ಮುಂದೆ ಹಿಂದೆ ತೂಗುವುದು ಬೇಗ ನಿಲ್ಲುತ್ತದೆ. ಹಾಳು ರಸ್ತೆಯ ಉದ್ದಕ್ಕೂ ಬಿಸಿಯಾಗಿ ಎಣ್ಣೆ ನೊರೆಯಾಗುವ ತೊಂದರೆಯೂ ಗ್ಯಾಸ್ ತುಂಬಿದ ಶಾಕ್‌ನಲ್ಲಿ ಕಡಿಮೆ.

ಗಾಳಿಯ ಬ್ಯಾಗ್ ಬಗ್ಗೆ ಕೇಳಿದ್ದೇನೆ. ನಮ್ಮ ರಸ್ತೆಗೆ ಆಗುತ್ತದೆಯೇ?

ಆಗುತ್ತದೆ, ಶಿಸ್ತಿನಿಂದ ನೋಡಿಕೊಳ್ಳುವವರಿಗೆ. ಚಾಸಿ ಮತ್ತು ಆಕ್ಸಲ್ ನಡುವೆ ಕೂರುವ ರಬ್ಬರ್ ಚೀಲ ಅದು. ಭಾರವಿದ್ದಾಗ ಗಾಳಿ ಹೆಚ್ಚಿಸಿ, ಖಾಲಿಯಾದಾಗ ಇಳಿಸಬಹುದು. ಹೋಗುವಾಗ ಭಾರ, ಬರುವಾಗ ಖಾಲಿ ಎನ್ನುವ ನಮ್ಮ ಓಡಾಟಕ್ಕೆ ಹೇಳಿ ಮಾಡಿಸಿದ ಗುಣ. ಆದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಕೊಳವೆ ಹಾಕಿಸಿ. ಒಂದೇ ಕೊಳವೆಯಾದರೆ ತಿರುವಿನಲ್ಲಿ ಒತ್ತಿದ ಕಡೆಯ ಗಾಳಿ ಹಗುರಾದ ಕಡೆಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಖಾಲಿಯಿದ್ದಾಗಲೂ ತಯಾರಕರು ಹೇಳಿದ ಕನಿಷ್ಠ ಗಾಳಿ ಇರಲೇಬೇಕು, ಇಲ್ಲದಿದ್ದರೆ ಚೀಲ ಮಡಚಿಕೊಂಡು ಸವೆದು ಹರಿಯುತ್ತದೆ. ಅಡಿಕೆ ಮನೆಯ ಪಕ್ಕ ಗಾಡಿ ನಿಲ್ಲಿಸುವವರು ಕೊಳವೆಯನ್ನು ಇಲಿ ಕಡಿದಿದೆಯೇ ಎಂದು ನೋಡುತ್ತಿರಿ. ಸೋತ ಪ್ಲೇಟ್ ಮುಚ್ಚಿಡಲು ಮಾತ್ರ ಬ್ಯಾಗ್ ಹಾಕಬೇಡಿ. ಚೀಲ ಒಡೆದ ದಿನ ಪ್ಲೇಟ್ ಒಂದೇ ಅಷ್ಟೂ ಭಾರ ಹೊರಬೇಕು.

## ಟ್ರೈಲರಿನ ಮೂಕಿ

60ರ ವೇಗ ದಾಟಿದರೆ ಟ್ರೈಲರ್ ಬಾಲದಂತೆ ಅಲ್ಲಾಡುತ್ತದೆ. ಹಿಂದಿನ ಪ್ಲೇಟ್ ಗಟ್ಟಿ ಮಾಡಿಸಿದರೆ ನಿಲ್ಲುತ್ತದೆಯೇ?

ಮೊದಲು ಸಾಮಾನು ಜೋಡಿಸಿರುವುದನ್ನು ನೋಡಿ. ಎತ್ತಿನ ಗಾಡಿ ಹೂಡಿದ ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಮೂಕಿ (ಗಾಡಿಯಿಂದ ಮುಂದಕ್ಕೆ ಚಾಚಿದ ಮರ) ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮೂಟೆ ಹೇರುವಾಗ ಅವರು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಟ್ರೈಲರಿಗೂ ಅದೇ ನ್ಯಾಯ. ಟ್ರೈಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ, ಅಂದರೆ ನಿಮ್ಮ ಕೊಂಡಿಯ ಮೇಲೆ ಇರಬೇಕು. 1,000 ಕಿಲೋ ಟ್ರೈಲರಿಗೆ 100ರಿಂದ 150 ಕಿಲೋ. ಅದಕ್ಕಿಂತ ಕಡಿಮೆಯಾದರೆ ಟ್ರೈಲರ್ ಅಲ್ಲಾಡಲು ಶುರುಮಾಡುತ್ತದೆ, ವೇಗ ಹೆಚ್ಚಿದಂತೆ ಅಲ್ಲಾಟವೂ ಹಿಗ್ಗುತ್ತದೆ. ಕೊಂಡಿ ಅಷ್ಟು ಭಾರ ತಾಳುವುದಿಲ್ಲವಾದರೆ ಟ್ರೈಲರಿನ ತೂಕವನ್ನೇ ಇಳಿಸಬೇಕು. ಸಾಮಾನು ಹಿಂದಕ್ಕೆ ತಳ್ಳಿ ಮೂಕಿ ಹಗುರ ಮಾಡಬಾರದು. ಈ ಮೂಕಿ ಭಾರ ನಿಮ್ಮ ಪಿಕಪ್ಪಿನ ಹೊರೆಯ ಲೆಕ್ಕಕ್ಕೂ ಸೇರುತ್ತದೆ, ಹಿಂದೆ ಅಷ್ಟು ಮೂಟೆ ಕಡಿಮೆ ಹೇರಿ.

ಸುಲಿಯುವ ಯಂತ್ರದಂಥವುಗಳಲ್ಲಿ ಎಂಜಿನ್ ಅಥವಾ ಮೋಟಾರು ಆಕ್ಸಲ್‌ಗಿಂತ ಹಿಂದೆ ಕೂತಿದ್ದರೆ, ನೀವು ಏನೇ ಜೋಡಿಸಿದರೂ ಮೂಕಿ ಹಗುರವೇ. ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಲನ್ನು ಸ್ವಲ್ಪ ಹಿಂದಕ್ಕೆ ಸರಿಸಿದ ಮೇಲೆ ಬೆಣ್ಣೆಯಂತೆ ಹಿಂಬಾಲಿಸಿದ ಯಂತ್ರಗಳನ್ನು ನೋಡಿದ್ದೇನೆ. ಪಿಕಪ್ಪಿನ ಕಡೆ ನೋಡಬೇಕಾದದ್ದು ಸವೆದ ಬುಷ್ ಮತ್ತು ಶ್ಯಾಕಲ್ (ಪ್ಲೇಟಿನ ಹಿಂತುದಿಯನ್ನು ಚಾಸಿಗೆ ಸೇರಿಸುವ ಪಟ್ಟಿ). ಅವು ಸಡಿಲವಿದ್ದರೆ ಆಕ್ಸಲ್ಲೇ ಅಡ್ಡಡ್ಡ ಆಡುತ್ತದೆ, ಅಲ್ಲಾಟಕ್ಕೆ ಕುಮ್ಮಕ್ಕು ಸಿಗುತ್ತದೆ.

ಓಡಿಸುವಾಗಲೇ ಅಲ್ಲಾಡಲು ಶುರುವಾದರೆ ಜೋರಾಗಿ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ಎಳೆದು ನೇರ ಮಾಡಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಗಾಡಿ ತಾನಾಗಿ ನಿಧಾನವಾಗಲು ಬಿಡಿ. ಕಾಂಕ್ರೀಟ್ ಮಿಕ್ಸರಿನ ಚಿಕ್ಕ ಗಟ್ಟಿ ಚಕ್ರಗಳು ಸೈಟಿನೊಳಗೆ ತಳ್ಳಲು ಮಾಡಿದವು. ಅದನ್ನು ಬೈಪಾಸ್‌ನಲ್ಲಿ ಎಳೆದುಕೊಂಡು ಓಡುವುದಕ್ಕೆ ಯಾವ ಸಸ್ಪೆನ್ಷನ್ನೂ ಪರಿಹಾರವಲ್ಲ, ಹಿಂದೆ ಹೇರಿಕೊಂಡು ಹೋಗಿ.

ಹಿಂಭಾಗ ಎತ್ತರಿಸಿದ ಮೇಲೆ ಟ್ರೈಲರಿನ ಮೂತಿ ಮೇಲಾಗಿದೆ. ಪರವಾಗಿಲ್ಲವೇ?

ಹಾಗೆ ಬಿಡಬಾರದು. ಮೂತಿ ಮೇಲಾದಷ್ಟೂ ಭಾರ ಹಿಂದಕ್ಕೆ ಸರಿದು ಮೂಕಿ ಹಗುರವಾಗುತ್ತದೆ. ನೀರಿನ ಟ್ಯಾಂಕು ಅರ್ಧ ತುಂಬಿದ್ದರೆ ಇದು ಇನ್ನೂ ಹೆಚ್ಚು. ಭಾರ ಹೇರಿದ ಮೇಲೆ ಟ್ರೈಲರ್ ಮಟ್ಟವಾಗಿ ಅಥವಾ ಮೂತಿ ಒಂದು ಬೆರಳು ಕೆಳಗಿರುವಂತೆ ಕೊಂಡಿಯ ಎತ್ತರ ಬದಲಿಸಿ. ಸುರಕ್ಷತೆಯ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಕಟ್ಟಿ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ನೆಡದೆ ಸರಪಳಿಯ ಮೇಲೆ ಕೂರುತ್ತದೆ.

## ಬ್ರೇಕು ಮತ್ತು ಘಾಟಿ

ಹೊಸ ಪ್ಲೇಟ್ ಹಾಕಿಸಿದ ಮೇಲೆ ಬ್ರೇಕ್ ಮೊದಲಿನಂತೆ ಹಿಡಿಯುತ್ತಿಲ್ಲ. ಎರಡಕ್ಕೂ ಏನು ಸಂಬಂಧ?

ನೇರ ಸಂಬಂಧವಿದೆ, ಮೆಕ್ಯಾನಿಕ್‌ಗಳೂ ಮರೆಯುವ ವಿಷಯವಿದು. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಹೋಗಿ ಒಂದು ವಾಲ್ವ್‌ಗೆ ಸೇರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವ್. ಹಿಂಭಾಗ ಎಷ್ಟು ಕೂತಿದೆ ಎಂದು ನೋಡಿ ಗಾಡಿ ಭಾರವಾಗಿದೆಯೋ ಖಾಲಿಯಿದೆಯೋ ಎಂದು ಅದು ತಿಳಿಯುತ್ತದೆ. ಖಾಲಿ ಎನಿಸಿದರೆ ಹಿಂದಿನ ಚಕ್ರ ಲಾಕ್ ಆಗದಿರಲಿ ಎಂದು ಹಿಂದಿನ ಬ್ರೇಕಿನ ಒತ್ತಡ ಇಳಿಸುತ್ತದೆ. ನೀವು ಪ್ಲೇಟ್ ಸೇರಿಸಿ ಎತ್ತರಿಸಿದಿರಿ. ಈಗ ಎರಡು ಟನ್ ಭಾರವಿದ್ದರೂ ಗಾಡಿ ಕೂರುವುದಿಲ್ಲ, ವಾಲ್ವ್ ಅದನ್ನು ಖಾಲಿ ಎಂದೇ ತಿಳಿಯುತ್ತದೆ.

ವರ್ಷಗಳ ಹಿಂದೆ ನಾನೇ ಈ ತಪ್ಪು ಮಾಡಿದ್ದೇನೆ. ಹೊಸನಗರದ ಕಡೆಯ ಗಾಡಿಯೊಂದಕ್ಕೆ ಪ್ಲೇಟ್ ಸೇರಿಸಿ, ವಾಲ್ವಿನ ಕಡ್ಡಿ ಮುಟ್ಟದೆ ಕಳುಹಿಸಿದೆ. ಹುಲಿಕಲ್ ಘಾಟಿ ಇಳಿಯುವಾಗ ಆತನಿಗೆ ಬ್ರೇಕ್ ಸಾಲದೆ ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿ ನಿಲ್ಲಿಸಬೇಕಾಯಿತು. ಯಾರಿಗೂ ಗಾಯವಾಗಲಿಲ್ಲ. ಅವತ್ತಿನಿಂದ ಎತ್ತರ ಬದಲಾದ ಯಾವ ಗಾಡಿಯನ್ನೂ ಕಡ್ಡಿಯ ಹೊಂದಾಣಿಕೆ ಮಾಡದೆ ಹೊರಗೆ ಬಿಟ್ಟಿಲ್ಲ. ನೀವು ಎಲ್ಲೇ ಕೆಲಸ ಮಾಡಿಸಿ, ಇದೊಂದನ್ನು ಎದುರು ನಿಂತು ಕೇಳಿ. ತುಕ್ಕು ಹಿಡಿದು ವಾಲ್ವ್ ಜಾಮ್ ಆಗಿರುವುದೂ ಹಳೆಯ ಗಾಡಿಗಳಲ್ಲಿ ಸಾಮಾನ್ಯ.

ಸಸ್ಪೆನ್ಷನ್ ಎಲ್ಲ ಹೊಸದು. ಇನ್ನು ಆಗುಂಬೆ ಇಳಿಯಲು ಭಯವಿಲ್ಲವಲ್ಲ?

ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಗಾಡಿ ವಾಲುವುದು ಕಡಿಮೆಯಾಗುತ್ತದೆ, ಮುಂದಿನ ಚಕ್ರ ಹೇಳಿದ ಕಡೆ ತಿರುಗುತ್ತದೆ. ಭಾರವನ್ನು ತಡೆದು ಹಿಡಿಯುವುದು ಮಾತ್ರ ಬ್ರೇಕು ಮತ್ತು ಎಂಜಿನ್. ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಅದರ ಇಡೀ ತೂಕ ಪಿಕಪ್ಪಿನ ಡ್ರಮ್ಮಿನ ಮೇಲೆ. ಡ್ರಮ್ ಕಾದಂತೆ ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟೇ ಕೂರಬೇಡಿ, ಒತ್ತಿ ವೇಗ ತಗ್ಗಿಸಿ ಪೂರ್ತಿ ಬಿಡಿ, ಆರಲು ಸಮಯ ಕೊಡಿ. ಟ್ರೈಲರ್ ದೊಡ್ಡದಾದರೆ ಓವರ್‌ರನ್ ಬ್ರೇಕ್ ಇರುವುದನ್ನೇ ಕೊಳ್ಳಿ. ಪಿಕಪ್ ನಿಧಾನವಾದಾಗ ಟ್ರೈಲರ್ ಕೊಂಡಿಯನ್ನು ಮುಂದಕ್ಕೆ ತಳ್ಳುತ್ತದೆ, ಆ ತಳ್ಳಾಟವೇ ಅದರ ಬ್ರೇಕನ್ನು ಒತ್ತುತ್ತದೆ. ಮಳೆಗಾಲದಲ್ಲಿ ಘಾಟಿಗಳಲ್ಲಿ ಭಾರಿ ವಾಹನ ನಿಷೇಧವಾಗುವುದುಂಟು, ಹೊರಡುವ ಮೊದಲು ವಿಚಾರಿಸಿ.

## ಇನ್ನೂ ಆಳದವು

ಭಾರ ಹಂಚುವ ಕೊಂಡಿ ಹಾಕಿದರೆ ಪ್ಲೇಟ್ ಮುಟ್ಟುವುದೇ ಬೇಡ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಅದರಲ್ಲಿ ಎರಡು ಉಕ್ಕಿನ ಸಲಾಕೆಗಳು ಕೊಂಡಿಯಿಂದ ಹಿಂದಕ್ಕೆ ಟ್ರೈಲರಿನ ಮೂಕಿಗೆ ಬಿಗಿದಿರುತ್ತವೆ. ಕೈಗಾಡಿಯ ಹಿಡಿ ಎತ್ತಿದಂತೆ ಅವು ಪಿಕಪ್ಪಿನ ಹಿಂಭಾಗವನ್ನು ಎತ್ತಿ, ಕಳೆದುಹೋದ ಭಾರವನ್ನು ಮುಂದಿನ ಚಕ್ರಗಳಿಗೆ ಮರಳಿಸುತ್ತವೆ. ಪ್ಲೇಟ್ ಸೇರಿಸಿದರೆ ಹಿಂಭಾಗ ಎತ್ತರವಾಗುತ್ತದೆ, ಮುಂಭಾಗ ಕಳೆದುಕೊಂಡ ಭಾರ ಹಿಂದಿರುಗುವುದಿಲ್ಲ. ಆ ಕೆಲಸ ಈ ಕೊಂಡಿಯದು ಮಾತ್ರ. ಹೊಂದಿಸುವಾಗ ಮುಂದಿನ ಚಕ್ರದ ಮೇಲಿನ ಎತ್ತರ ಅಳೆಯಿರಿ. ಟ್ರೈಲರ್ ಕಟ್ಟಿದಾಗ ಮುಂಭಾಗ ನಾಲ್ಕು ಸೆಂಟಿಮೀಟರ್ ಎದ್ದಿದ್ದರೆ, ಸಲಾಕೆ ಬಿಗಿದ ಮೇಲೆ ಕನಿಷ್ಠ ಎರಡಾದರೂ ಇಳಿಯಬೇಕು. ನಮ್ಮಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ಚಾಸಿ ತುಕ್ಕು ಹಿಡಿದ ಗಾಡಿಗೆ ಹಾಕಲೂಬಾರದು, ಚಾಸಿಯನ್ನೇ ತಿರುಚುವ ಬಲ ಅದು. ಕೊಂಡಿಯನ್ನು ಆದಷ್ಟು ಆಕ್ಸಲ್‌ಗೆ ಹತ್ತಿರ ಕೂರಿಸುವುದರಿಂದಲೂ ಇದರ ಲಾಭ ಒಂದಿಷ್ಟು ಸಿಗುತ್ತದೆ. ಕೊಂಡಿಯ ಸಲಾಕೆಯನ್ನು ಉದ್ದ ಮಾಡಿಸುವವರು ತಮಗೆ ಗೊತ್ತಿಲ್ಲದೆ ಹಾರೆಯನ್ನು ಉದ್ದ ಮಾಡುತ್ತಿದ್ದಾರೆ.

ಉದ್ದ ಶ್ಯಾಕಲ್ ಅಥವಾ ಆಕ್ಸಲ್ ಮೇಲೆ ಬ್ಲಾಕ್ ಇಟ್ಟು ಎತ್ತರಿಸಿದರೆ ಅಗ್ಗವಲ್ಲವೇ?

ಅಗ್ಗ ಹೌದು, ಟ್ರೈಲರ್ ಎಳೆಯುವವರಿಗೆ ಬೇಡ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಉದ್ದ ಶ್ಯಾಕಲ್ ಪ್ಲೇಟಿನ ಹಿಂತುದಿಯನ್ನಷ್ಟೇ ಎತ್ತುವುದರಿಂದ ಆಕ್ಸಲ್ ತಿರುಗಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬರುವ ಜಾಯಿಂಟ್ ಶಾಫ್ಟಿನ ಕೋನ ಕೆಡುತ್ತದೆ, ಅದರ ಕೀಲಾದ ಕ್ರಾಸ್ ಬೇಗ ಹೋಗುತ್ತದೆ. ಬ್ಲಾಕ್ ಇಟ್ಟರೆ ಏರಿನಲ್ಲಿ ಎಳೆಯುವಾಗ ಆಕ್ಸಲ್ ಪ್ಲೇಟನ್ನು ತಿರುಚುತ್ತದೆ. ಕ್ಲಚ್ ಬಿಡುವಾಗ ಹಿಂಭಾಗ ಕುಪ್ಪಳಿಸಿದರೆ ಕಾರಣ ಅದೇ.

ಇದಕ್ಕೆಲ್ಲ ಆರ್‌ಟಿಒ ಕಚೇರಿಯಲ್ಲಿ ತೊಂದರೆ ಇದೆಯೇ?

ಸೋತ ಪ್ಲೇಟಿನ ಜಾಗಕ್ಕೆ ಕಂಪನಿಯ ಅಳತೆಯದ್ದೇ ಹೊಸದನ್ನು ಹಾಕುವುದು ರಿಪೇರಿ, ಅದಕ್ಕೆ ಯಾರ ತಕರಾರೂ ಇಲ್ಲ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುತ್ತದೆ. ಎಷ್ಟು ಪ್ಲೇಟ್ ಸೇರಿಸಿದರೂ ಆರ್‌ಸಿಯಲ್ಲಿರುವ ಒಟ್ಟು ತೂಕ ಹೆಚ್ಚುವುದಿಲ್ಲ. ಮಿತಿ ಮೀರಿದರೆ 2019ರ ತಿದ್ದುಪಡಿಯಾದ 194ನೇ ಕಲಂ ಪ್ರಕಾರ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡ. ಟ್ರೈಲರ್ ಕಾನೂನಿನ ಕಣ್ಣಿಗೆ ಪ್ರತ್ಯೇಕ ವಾಹನ, ಅದಕ್ಕೂ ನೋಂದಣಿ, ವಿಮೆ ಬೇಕು. ಕೈಪಿಡಿಯಲ್ಲಿ ಎಳೆಯುವ ತೂಕ ಬರೆದೇ ಇಲ್ಲದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ, ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಬರವಣಿಗೆಯಲ್ಲಿ ಕೇಳಿ.

ಅಪ್ಪ ತೆಗೆದುಕೊಂಡ ಗಾಡಿ, ಇಪ್ಪತ್ತು ವರ್ಷವಾಯಿತು. ಇದಕ್ಕೆ ದುಡ್ಡು ಹಾಕುವುದು ಸರಿಯೇ?

ಪ್ಲೇಟ್ ಬಿಚ್ಚುವ ಮೊದಲು ಚಾಸಿಯನ್ನು ಕೇಳಿ. ಪ್ಲೇಟಿನ ತುದಿಗಳು ಚಾಸಿಗೆ ಸೇರುವ ಬ್ರಾಕೆಟ್‌ಗಳ ಸುತ್ತ ಕೆಸರು ತುಂಬಿಕೊಂಡು ಮಳೆಗಾಲವಿಡೀ ಒದ್ದೆಯಾಗಿರುತ್ತದೆ, ಬೇಸಿಗೆಯಲ್ಲೂ ಒಳಗೆ ಒಣಗುವುದಿಲ್ಲ. ನಮ್ಮ ಸೀಮೆಯ ಗಾಡಿಗಳು ಸಾಯುವುದು ಅಲ್ಲಿಂದಲೇ. ಕೆಸರು ಕೆರೆದು ತೆಗೆದು, ಒಂದು ಸಣ್ಣ ಸುತ್ತಿಗೆಯಿಂದ ಬ್ರಾಕೆಟ್ಟಿನ ಸುತ್ತ, ಆಕ್ಸಲ್ ಮೇಲೆ ಚಾಸಿ ಬಾಗುವ ಕಡೆ, ಕೊಂಡಿ ಕೂತಿರುವ ಅಡ್ಡಪಟ್ಟಿಯ ಎರಡೂ ತುದಿಗೆ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಟಪ್ ಎಂದು ಮಂಕಾಗಿ ಸದ್ದು ಬಂದು ಪದರ ಪದರವಾಗಿ ಉದುರಿದರೆ ಅಲ್ಲಿ ನಿಲ್ಲಿಸಿ. ಅಂಥ ಗಾಡಿಗೆ ನಾನು ಹೊಸ ಪ್ಲೇಟ್ ಹಾಕಿಕೊಡುವುದಿಲ್ಲ. ಗಟ್ಟಿ ಪ್ಲೇಟಿನ ಹೊಡೆತವೆಲ್ಲ ಆ ಕೊಳೆತ ಜಾಗಕ್ಕೇ ಹೋಗುತ್ತದೆ. ಗೊಬ್ಬರ, ಹುಲ್ಲು ಸಾಗಿಸುತ್ತ ತೋಟದೊಳಗೆ ಅದು ಇನ್ನೂ ಎಷ್ಟೋ ವರ್ಷ ದುಡಿದೀತು. ಕೊಂಡಿಯನ್ನು ಮಾತ್ರ ಅದರಿಂದ ಬಿಚ್ಚಿಡಿ.